ಪಿಲಿಯ ಪಕಾರ, ಹುಲಿಯ ಉಕಾರ

ತುಳು ಎಷ್ಟು ಹಳೆಯದು ಎಂಬ ಚರ್ಚೆ ಎದ್ದಾಗಲೆಲ್ಲ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಹೆಸರು ಬಂದೇ ಬರುತ್ತದೆ. 1903ರಲ್ಲಿ ಅಚ್ಚಾದ ಆ ಪಪೈರಸ್ಸಿನಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡುವ, ಗ್ರೀಕ್ ಅಲ್ಲದ ಮಾತುಗಳನ್ನು ಶಾಸನತಜ್ಞ ಹುಲ್ಟ್ಷ್ ಕನ್ನಡವೆಂದರು. ಗೋವಿಂದ ಪೈಗಳೂ ಅದೇ ಜಾಡು ಹಿಡಿದರು. ತುಳುವೆಂದು ಓದಿದವರೂ ಇದ್ದಾರೆ. ನಗಿಸಲೆಂದು ಬರೆದ ಆಟದ ತೊದಲು ಮಾತನ್ನು ಸಾಕ್ಷಿಕಟ್ಟೆಗೆ ಹತ್ತಿಸುವುದು ನನಗೆ ಒಪ್ಪಿಗೆಯಿಲ್ಲ. ಗ್ರೀಕಿನಿಂದ ಕಲಿಯಬೇಕಾದ್ದು ಬೇರೆಯೇ ಇದೆ. ಅದಕ್ಕೆ ಲಿಥುವೇನಿಯನ್ ಭಾಷೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಗ್ರೀಕಿನ ಬರಹ ಕ್ರಿಸ್ತಪೂರ್ವ 1400ರ ಸುಮಾರಿನಿಂದ ಸಿಗುತ್ತದೆ. ಆ ಬರಹವಿದ್ದ ಮಣ್ಣಿನ ಹಲಗೆಗಳನ್ನು ಮೈಕೆಲ್ ವೆಂಟ್ರಿಸ್ 1952ರಲ್ಲಿ ಓದಿ ತೋರಿಸಿದ. ಲಿಥುವೇನಿಯನ್ನಿನ ಮೊದಲ ಮುದ್ರಿತ ಪುಸ್ತಕ 1547ರದು. ನಡುವೆ ಸುಮಾರು ಮೂರು ಸಾವಿರ ವರ್ಷ. ಆದರೂ ಇವೆರಡರ ಬಳಗದ್ದೇ ಆದ ಸಂಸ್ಕೃತದ ‘ಸಪ್ತ’ಕ್ಕೆ ಹತ್ತಿರವಿರುವುದು ಲಿಥುವೇನಿಯನ್ನಿನ ‘ಸೆಪ್ತಿನಿ’. ಗ್ರೀಕಿನಲ್ಲಿ ಮೊದಲ ಸಕಾರ ಹಕಾರವಾಗಿ ‘ಹೆಪ್ತ’ ಆಯಿತು, ಮುಂದೆ ಆ ಹಕಾರವೂ ಉದುರಿ ಇಂದು ‘ಎಫ್ತ’. ದ್ವಿವಚನವನ್ನು ಗ್ರೀಕ್ ಎಂದೋ ಬಿಟ್ಟುಕೊಟ್ಟಿತು. ಲಿಥುವೇನಿಯದ ಕೆಲವು ಒಳನುಡಿಗಳಲ್ಲಿ ಅದು ಇಪ್ಪತ್ತನೆಯ ಶತಮಾನದವರೆಗೂ ಬಂತು. ಆ ದೇಶದ ಅರಸರಾದರೂ ತಮ್ಮ ಮನೆಮಾತಿನಲ್ಲಿ ಬರೆಸಿದವರಲ್ಲ. 1529ರ ಅವರ ಕಾನೂನು ಸಂಹಿತೆ ಸ್ಲಾವಿಕ್ ನುಡಿಯಲ್ಲಿದೆ.

ಇದು ನಮ್ಮ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಸೀಮೆಯವರಿಗೆ ಅಪರಿಚಿತ ವ್ಯವಸ್ಥೆಯಲ್ಲ. ಮೂಡುಬಿದಿರೆಯ ಬಸದಿಗಳಲ್ಲಿ ಶಾಸನ ಕನ್ನಡದ್ದು. ಅಲ್ಲಿನ ಜೈನಮಠ ಕಾಪಾಡಿದ ಧವಲಾ ಗ್ರಂಥಗಳು ಪ್ರಾಕೃತ ಮೂಲದವು, ಕನ್ನಡ ಲಿಪಿಯವು. 1604ರಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲರೂ ತುಳುವಿನಲ್ಲಿ ಬರೆಸಲಿಲ್ಲ. ಆಡುವುದು ತುಳು, ಬರೆಯುವುದು ಕನ್ನಡ. ತುಳು ಮುದ್ರಣಕ್ಕೆ ಬಂದದ್ದೇ 1842ರಲ್ಲಿ, ಬಾಸೆಲ್ ಮಿಶನ್ನಿನವರ ಕೈಯಲ್ಲಿ. ಅಷ್ಟರಲ್ಲಿ ಹಲ್ಮಿಡಿ ಶಾಸನದಿಂದ ಹೊರಟ ಕನ್ನಡ ತನ್ನ ಪಕಾರವನ್ನು ಹಕಾರ ಮಾಡಿಕೊಂಡು ಶತಮಾನಗಳೇ ಕಳೆದಿದ್ದವು. ಹತ್ತು, ಹೂ, ಹಂದಿ ಎನ್ನುವಲ್ಲಿ ತುಳುವರು ಇಂದಿಗೂ ಪತ್ತ್, ಪೂ, ಪಂಜಿ ಎನ್ನುತ್ತಾರೆ. ಕೇಳುವವರನ್ನೂ ಸೇರಿಸಿದರೆ ‘ನಮ’, ಬಿಟ್ಟರೆ ‘ಎಂಕುಲು’. ಇಂದಿನ ಕನ್ನಡಕ್ಕೆ ಎರಡಕ್ಕೂ ಇರುವುದು ‘ನಾವು’ ಒಂದೇ. ಬರಹದ ನೆರವಿಲ್ಲದೆ ಬಾಯಿ ಎಷ್ಟನ್ನು ಹೊರಬಲ್ಲದು ಎಂದು ಸಂದೇಹಪಡುವವರು ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರನ್ನು ನೆನೆಯಬೇಕು. ಫಿನ್ಲೆಂಡಿನ ಲೌರಿ ಹೊಂಕೊ ಅವರ ತಂಡ ಇವರ ಬಾಯಿಂದ ದಾಖಲಿಸಿಕೊಂಡು 1998ರಲ್ಲಿ ಪ್ರಕಟಿಸಿದ ತುಳು ಮೌಖಿಕ ಕಾವ್ಯ ಸಿರಿ ಸಂಧಿಗೆ 15,683 ಸಾಲು.

ಇಲ್ಲೊಂದು ತಕರಾರು ಬರುತ್ತದೆ, ನ್ಯಾಯವಾದದ್ದೇ. ಪಕಾರ ತಮಿಳಿನಲ್ಲೂ ಮಲಯಾಳದಲ್ಲೂ ಉಳಿದಿದೆ, ತುಳುವಿನ ಹೆಚ್ಚುಗಾರಿಕೆ ಏನು? ಹೆಚ್ಚುಗಾರಿಕೆ ಇಲ್ಲ, ಬದಲಾದದ್ದು ಕನ್ನಡ, ಅಷ್ಟೇ. ತಮಿಳು ಬರೆದೂ ಉಳಿಸಿಕೊಂಡಿತು, ತುಳು ಹೆಚ್ಚೇನೂ ಬರೆಯದೆ ಉಳಿಸಿಕೊಂಡಿತು, ಕನ್ನಡ ಬರೆದೂ ಬಿಟ್ಟಿತು. ಅಂದಮೇಲೆ ಬರಹದ ವಯಸ್ಸನ್ನು ನೋಡಿ ನುಡಿಯ ಹಳಮೆ ಹೇಳಲಾಗದು. ಹಾಗಾದರೆ ತುಳುವೇ ಕನ್ನಡಕ್ಕಿಂತ ಹಿರಿಯದು ಎಂದು ಕುಣಿಯುವವರಿಗೂ ಇದರಲ್ಲಿ ಸಮಾಧಾನವಿಲ್ಲ. ಹುಲಿ ಹಳಗನ್ನಡದಲ್ಲೂ ತಮಿಳಿನಲ್ಲೂ ‘ಪುಲಿ’. ತುಳು ಅದನ್ನು ‘ಪಿಲಿ’ ಮಾಡಿತು. ಕನ್ನಡ ವ್ಯಂಜನ ಕಳೆದು ಸ್ವರ ಉಳಿಸಿತು, ತುಳು ವ್ಯಂಜನ ಉಳಿಸಿ ಸ್ವರ ಕಳೆಯಿತು. ಲಿಥುವೇನಿಯನ್ ಕೂಡ ನಪುಂಸಕ ಲಿಂಗವನ್ನು ನಾಮಪದಗಳಿಂದ ಕೈಬಿಟ್ಟಿದೆ, ಗ್ರೀಕ್ ಅದನ್ನು ಈಗಲೂ ಇಟ್ಟುಕೊಂಡಿದೆ. ಒಂದೇ ಬೇರಿನ ನುಡಿಗಳಲ್ಲಿ ಅಕ್ಕ ತಂಗಿ ಎಂಬುದಿಲ್ಲ, ಎಲ್ಲವೂ ಸಮವಯಸ್ಕವೇ.

ನಮ್ಮ ಸರಕಾರದ ಅಳತೆಗೋಲು ಮಾತ್ರ ಬರಹವನ್ನೇ ನೆಚ್ಚಿದೆ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿದ್ದು ಸಾವಿರದೈನೂರು ವರ್ಷ ಮೀರಿದ ಲಿಖಿತ ಪರಂಪರೆ ಬೇಡುವ ನಿಯಮದಡಿ. ಅದು ಸಾಹಿತ್ಯವನ್ನು ಗೌರವಿಸುವ ನಿಯಮ, ಆ ಮಟ್ಟಿಗೆ ಸರಿ. 2011ರ ಜನಗಣತಿಯಲ್ಲಿ 18 ಲಕ್ಷ ದಾಟಿದ ತುಳುವರು ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಅರ್ಜಿ ಹಿಡಿಯುವಾಗ ಪಪೈರಸ್ಸನ್ನು ಲಗತ್ತಿಸಬೇಕಾಗಿಲ್ಲ. ಆ ಪರಿಚ್ಛೇದ ಪ್ರಾಚೀನತೆಯನ್ನು ಕೇಳುವುದೇ ಇಲ್ಲ.