ಖಾಲಿ ಕ್ಯಾಸೆಟ್ಟಿನ ಋಣ

ಬಿ.ಎಡ್. ಓದುವಾಗ ನಾನು ಒಂದು ಖಾಲಿ ಕ್ಯಾಸೆಟ್ಟು, ಒಂದು ಚೀಟಿ ಹಿಡಿದು ದುರ್ಗಿಗುಡಿಯ ಅಂಗಡಿಯೊಂದಕ್ಕೆ ಹೋಗುತ್ತಿದ್ದೆ. ಎರಡು ದಿನ ಬಿಟ್ಟು ಹೋದರೆ ಚೀಟಿಯಲ್ಲಿದ್ದ ಭಾವಗೀತೆಗಳೆಲ್ಲ ಅದರಲ್ಲಿ ತುಂಬಿರುತ್ತಿದ್ದವು. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದಷ್ಟೇ ಸಹಜವೆನ್ನಿಸಿತ್ತು. ಕೊಟ್ಟವರಿಗೇನೂ ಕಡಿಮೆಯಾಗುವುದಿಲ್ಲವಲ್ಲ!

ಮೊನ್ನೆ ತರಗತಿಯಲ್ಲಿ ಹುಡುಗಿಯೊಬ್ಬಳು, "ಮಿಸ್, ಹಾಡನ್ನು ಮೊಬೈಲಿಗೆ ಕಾಪಿ ಮಾಡಿಕೊಂಡರೆ ಹಾಡಿದವರಿಗೆ ನಷ್ಟವಾ?" ಎಂದಳು. ಥಟ್ಟನೆ ಉತ್ತರ ಹೊಳೆಯಲಿಲ್ಲ.

ನಷ್ಟವಿಲ್ಲ ಎನ್ನುವವರ ವಾದ ನಿಮಗೂ ಗೊತ್ತು. ಹಾಡು ಮನೆಮನೆಗೆ ಹರಡಿದರೆ ಗಾಯಕರಿಗೆ ಕಛೇರಿಗಳು ಸಿಗುತ್ತವೆ. ನಿಜವೇ. ನಮ್ಮ ಶಿವಮೊಗ್ಗ ಸುಬ್ಬಣ್ಣನವರ ದನಿ ನನಗೆ ಹತ್ತಿರವಾದದ್ದೂ ಇಂಥ ಕ್ಯಾಸೆಟ್ಟಿನಿಂದಲೇ. ಆದರೆ ಒಂದು ಹಾಡಿಗೆ ಎಷ್ಟು ಕೈಗಳು! 1978ರ 'ನಿತ್ಯೋತ್ಸವ' ಧ್ವನಿಸುರುಳಿಯಲ್ಲಿ ಕವಿತೆ ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿಯವರದು. ಗಾಯಕರೇನೋ ವೇದಿಕೆ ಏರಿ ಸಂಭಾವನೆ ಪಡೆಯಬಹುದು. ಮನೆಯಲ್ಲಿ ಕೂತ ಕವಿ? ರೆಕಾರ್ಡಿಂಗಿನಲ್ಲಿ ತಬಲ ನುಡಿಸಿದವರು?

ಹಾಗೆಂದು ಪ್ರತಿ ನಕಲೂ ತಮಗಾದ ನಷ್ಟವೆನ್ನುವ ಕಂಪನಿಗಳ ಲೆಕ್ಕವನ್ನೂ ನಾನು ಒಪ್ಪಲಾರೆ. ನನ್ನ ಬಳಿ ಇದ್ದದ್ದು ಹತ್ತು ನಕಲು. ಹತ್ತನ್ನೂ ಕೊಳ್ಳುವಷ್ಟು ಹಣ ನನ್ನಲ್ಲಿರಲಿಲ್ಲ. ಆದರೆ ನಕಲು ಸಿಗದಿದ್ದರೆ ಹೇಗಾದರೂ ಉಳಿಸಿ ಎರಡನ್ನು ಕೊಳ್ಳುತ್ತಿದ್ದೆ. ಆದ್ದರಿಂದ ನಷ್ಟ ಹತ್ತೂ ಅಲ್ಲ, ಸೊನ್ನೆಯೂ ಅಲ್ಲ, ಎರಡು. ನಕಲು ಮಾಡಿಕೊಟ್ಟ ಅಂಗಡಿಯವರು ಮಾತ್ರ ಹತ್ತಕ್ಕೂ ದುಡ್ಡು ತೆಗೆದುಕೊಂಡರು.

ಕಂಪನಿಗಳೂ ಸಾಚಾಗಳೇನಲ್ಲ. ಒಮ್ಮೆ ಒಂದಿಷ್ಟು ಹಣ ಕೊಟ್ಟು ಹಾಡಿನ ಎಲ್ಲ ಹಕ್ಕನ್ನೂ ಬರೆಸಿಕೊಳ್ಳುವ ರೂಢಿಯಿತ್ತು. ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದಲ್ಲಿ ಸಮಪಾಲು ಸಿಗಬೇಕು, ಅದನ್ನು ಅವರಿಂದ ಬರೆಸಿಕೊಳ್ಳುವಂತಿಲ್ಲ ಎಂದು ಕಾನೂನು ತಿದ್ದುಪಡಿಯಾಗಲು 2012 ಬರಬೇಕಾಯಿತು.

1999ರಲ್ಲಿ ಅಮೆರಿಕದಲ್ಲಿ ನ್ಯಾಪ್‌ಸ್ಟರ್ ಬಂದು, ಜನ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾಡು ಹಂಚಿಕೊಳ್ಳತೊಡಗಿದರು. ಅಲ್ಲಿಂದ ಸುಮಾರು ಹದಿನೈದು ವರ್ಷ ಜಗತ್ತಿನ ಧ್ವನಿಮುದ್ರಣ ಉದ್ಯಮದ ಆದಾಯ ಇಳಿಯಿತು. ತಿಂಗಳ ಚಂದಾ ಕೊಟ್ಟು ಕೇಳುವ ಸುಲಭ ದಾರಿ ಬಂದ ಮೇಲೆ, 2015ರಿಂದ, ಮತ್ತೆ ಏರಿತು. ಜನರೆಲ್ಲ ಕಳ್ಳರಾಗಿದ್ದರೆ ಹೀಗಾಗುತ್ತಿತ್ತೇ?

ಮರುದಿನ ಆ ಹುಡುಗಿಗೆ ಹೇಳಿದೆ: "ಕೇಳು, ಗೆಳತಿಗೂ ಕೇಳಿಸು. ಕೈಯಲ್ಲಿ ಕಾಸು ಓಡಾಡುವ ದಿನ ಮಾತ್ರ ಪುಕ್ಕಟೆ ಕೇಳಬೇಡ." ಹೆಪ್ಪು ಕೊಟ್ಟವರ ಮಜ್ಜಿಗೆ ಕಡಿಮೆಯಾಗದಿರಬಹುದು, ಹಸು ಸಾಕಿದವರಿಗೂ ಹೊಟ್ಟೆಯಿದೆ. ನನ್ನ ಆ ಎರಡು ಕ್ಯಾಸೆಟ್ಟಿನ ಸಾಲ ಇನ್ನೂ ತೀರಿಲ್ಲ.