ಅಂಬಿಗನಿಗೆ ಕೊಡದ ಚೀಟಿ

ಕಾಗದದ ಮೇಲೆ ತುಂಗಭದ್ರೆ ಒಂದು ರಾಷ್ಟ್ರೀಯ ಜಲಮಾರ್ಗ. 2016ರ ಕಾಯ್ದೆ ಪಟ್ಟಿ ಮಾಡಿದ 111 ಜಲಮಾರ್ಗಗಳಲ್ಲಿ ಅದರ ಸಂಖ್ಯೆ 104. ಗುರುತಿಸಿದ್ದು ಮಾತ್ರ ತುಂಗಭದ್ರಾ ಅಣೆಕಟ್ಟೆಯ ಕೆಳಗಿನ ಭಾಗವನ್ನು. ಕೂಡ್ಲಿಯಲ್ಲಿ ಎರಡು ಹೊಳೆ ಕೂಡಿ, ನ್ಯಾಮತಿ, ಹೊನ್ನಾಳಿ ಸೀಮೆ ದಾಟಿ ಹರಿಹರಕ್ಕೆ ಇಳಿಯುವ ನೀರು ಆ ಲೆಕ್ಕಕ್ಕೆ ಸೇರಿಲ್ಲ. ಇಲ್ಲಿ ಬಾರ್ಜುಗಳಿಲ್ಲ, ಇರುವುದು ತೆಪ್ಪ ಮತ್ತು ಹರಿಗೋಲು. ಅಪಾಯಕಾರಿ ಸರಕಿನ ಮಾತು ಇಲ್ಲಿಗೇಕೆ ಎನ್ನುವವರು ಒಮ್ಮೆ ಯಾವುದಾದರೂ ಕಡವಿನಲ್ಲಿ ನಿಂತು ನೋಡಬೇಕು. ಪೆಟ್ರೋಲು ತುಂಬಿದ ಬೈಕು, ಪಂಪಿಗೆ ಬೇಕಾದ ಡೀಸೆಲ್ ಕ್ಯಾನು, ಗ್ಯಾಸ್ ಸಿಲಿಂಡರು, ಬೆಳೆಗೆ ಹೊಡೆಯುವ ಔಷಧಿ, ಅಡಿಕೆ ತೋಟಕ್ಕೆ ಮೈಲುತುತ್ತ: ಇವೆಲ್ಲ ಜನರ ಜೊತೆಗೇ ಹೊಳೆ ದಾಟುವ ಸಾಮಾನು.

ಒಂದೊಂದೂ ಅಲ್ಪ ಪ್ರಮಾಣವೇ. ಪೆಟ್ರೋಲಿಯಂ ಕಾಯ್ದೆಯೂ ಮಾರಾಟಕ್ಕಲ್ಲದ 30 ಲೀಟರ್‌ವರೆಗಿನ ಪೆಟ್ರೋಲಿಗೆ ಲೈಸೆನ್ಸ್ ಕೇಳುವುದಿಲ್ಲ. ಆದರೆ ಪೆಟ್ರೋಲಿನ ಆವಿಯೂ ಅಡುಗೆ ಅನಿಲವೂ ಗಾಳಿಗಿಂತ ಭಾರ. ಬಯಲಿನಲ್ಲಿ ಚದುರಿ ಹೋಗುವ ಆವಿ ಹರಿಗೋಲಿನ ತಳದಲ್ಲಿ ತಂಗುತ್ತದೆ, ಅಲ್ಲೇ ಯಾರೋ ಬೀಡಿ ಹಚ್ಚುತ್ತಾರೆ. ಮೈಲುತುತ್ತಕ್ಕೆ ಬೆಂಕಿಯ ಭಯವಿಲ್ಲ, ಆದರೆ ನೀರಿಗೆ ಬಿದ್ದರೆ ಮೀನಿಗೆ ವಿಷ. ಮರಳು ತೆಗೆಯುವ ತೆಪ್ಪಗಳದ್ದು ಬೇರೆಯೇ ಕಥೆ. ಕದ್ದು ನಡೆಯುವ ದಂಧೆಯ ಡೀಸೆಲ್ಲಿಗೆ ಯಾವ ನಿಯಮ ತಾಗೀತು?

ನಮ್ಮ ಒಳನಾಡು ನೌಕೆಗಳ ಕಾನೂನು ನೂರು ವರ್ಷ ಅಪಾಯಕಾರಿ ಸರಕಿನ ಪ್ರಶ್ನೆಯನ್ನು ನೋಡಿದ್ದು ಹಡಗಿನ ಯಜಮಾನನ ಕಣ್ಣಿನಿಂದ. 1917ರ ಕಾಯ್ದೆಯ ಪ್ರಕಾರ ಅಪಾಯಕಾರಿ ಸರಕು ತರುವವನು ಅದೇನೆಂದು ಮೊದಲೇ ತಿಳಿಸಬೇಕು, ಪೊಟ್ಟಣದ ಮೇಲೆ ಬರೆಯಬೇಕು. ಅಷ್ಟು ಸರಿಯೇ. ತಿಳಿಸದೆ ತಂದದ್ದು ಸಿಕ್ಕಿಬಿದ್ದರೆ? ಅದನ್ನು ನೀರಿಗೆ ಎಸೆಯುವ ಅಧಿಕಾರ ನೌಕೆಯ ಒಡೆಯನಿಗಿತ್ತು. ಸಮುದ್ರದ ಕಾನೂನಿನಿಂದ ಎತ್ತಿ ತಂದ ಪರಿಹಾರವಿದು. ಕೆಳಗಿನ ಊರು ಅದೇ ನೀರನ್ನು ಕುಡಿಯುತ್ತದೆ ಎಂಬುದು ಅದನ್ನು ಬರೆದವರಿಗೆ ಹೊಳೆದಂತಿಲ್ಲ. 2021ರ ಹೊಸ ಕಾಯ್ದೆ ಮಾಲಿನ್ಯ ತಡೆಗೆ, ವಿಮೆಗೆ ಜಾಗ ಕೊಟ್ಟಿದೆ. ಯಂತ್ರವಿಲ್ಲದ ದೋಣಿಗಳನ್ನೂ ಗಣನೆಗೆ ತೆಗೆದುಕೊಂಡು, ಅವುಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಲು ರಾಜ್ಯಕ್ಕೆ ದಾರಿ ಬಿಟ್ಟಿದೆ. ಇದು ಒಳ್ಳೆಯ ಹೆಜ್ಜೆ. ಆದರೂ ಅದರ ನೋಟ ದೋಣಿಯ ಮೇಲೇ ಇದೆ: ಎಷ್ಟು ಗಟ್ಟಿ, ಎಷ್ಟು ಜನ, ಯಾರ ಹೆಸರಿನಲ್ಲಿದೆ. ದೋಣಿಯಿಂದ ಕೆಳಕ್ಕೆ ಹರಿಯುವ ನೀರಿನ ಕಡೆ ಅದು ಪೂರ್ತಿ ತಿರುಗಿಲ್ಲ.

ಯುರೋಪಿನವರು ನದಿಯಲ್ಲಿ ಸಾಗುವ ಅಪಾಯಕಾರಿ ಸರಕಿಗೆಂದೇ 2000ದ ಮೇ ತಿಂಗಳಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಅದು ಜಾರಿಗೆ ಬಂದದ್ದು 2008ರಲ್ಲಿ. ಅವರ ನದಿಗಳಲ್ಲಿ ನೌಕೆಯ ಮೇಲೆ ಒಂದು ನೀಲಿ ಶಂಕು ಕಂಡರೆ ಬೆಂಕಿ ಹತ್ತುವ ಸರಕು, ಎರಡಾದರೆ ಆರೋಗ್ಯ ಕೆಡಿಸುವಂಥದ್ದು, ಮೂರಾದರೆ ಸ್ಫೋಟಕ. ಇಷ್ಟೆಲ್ಲ ಇದ್ದೂ 2011ರ ಜನವರಿ 13ರಂದು ರೈನ್ ನದಿಯ ಲೊರೆಲೈ ಬಂಡೆಯ ಬಳಿ ಸುಮಾರು 2,400 ಟನ್ ಗಂಧಕಾಮ್ಲ ಹೊತ್ತ 'ವಾಲ್ಡ್‌ಹೋಫ್' ನೌಕೆ ಮಗುಚಿತು. ಸಿಬ್ಬಂದಿಯಲ್ಲಿ ಇಬ್ಬರು ಉಳಿಯಲಿಲ್ಲ. ತುಂಬಿದ ರೀತಿಯೇ ಸರಿಯಿರಲಿಲ್ಲ, ನೌಕೆಗೆ ಸಮತೋಲ ಸಾಲದಾಗಿತ್ತು ಎಂದು ತನಿಖೆ ಹೇಳಿತು. ಕೊನೆಗೆ ಅಲ್ಲೂ ಆಮ್ಲದ ಒಂದು ಪಾಲನ್ನು ನದಿಗೇ ಬಿಟ್ಟರು. ಆದರೆ ಅಳೆದು, ಸ್ವಲ್ಪ ಸ್ವಲ್ಪವೇ ಬಿಟ್ಟು, ನೀರಿನ ಗುಣ ಪರೀಕ್ಷಿಸುತ್ತಾ ಹೋದರು. 1986ರಲ್ಲಿ ಬಾಸೆಲ್ ಹತ್ತಿರದ ಸ್ಯಾಂಡೋಝ್ ಗೋದಾಮಿಗೆ ಬೆಂಕಿ ಬಿದ್ದು ವಿಷದ ನೀರು ರೈನಿಗೆ ಇಳಿದ ಮೇಲೆ, ಮೇಲಿನ ಊರು ಕೆಳಗಿನ ಊರಿಗೆ ಸುದ್ದಿ ಮುಟ್ಟಿಸುವ ಏರ್ಪಾಡನ್ನು ಅವರು ಬಿಗಿ ಮಾಡಿಕೊಂಡಿದ್ದರು. ನನ್ನ ಮಟ್ಟಿಗೆ ಶಂಕುಗಳಿಗಿಂತ ಈ ಸುದ್ದಿಯ ಏರ್ಪಾಡೇ ದೊಡ್ಡದು. ಶಂಕು ನಮ್ಮ ಹರಿಗೋಲಿಗೆ ಹೊಂದುವುದಿಲ್ಲ, ಸುದ್ದಿ ಹೊಂದುತ್ತದೆ.

ಏಕೆಂದರೆ ಇಲ್ಲಿ 'ಕೆಳಗಿನ ಊರು' ನಕ್ಷೆಯಲ್ಲಿ ಕಾಣುವುದಕ್ಕಿಂತ ದೂರವಿದೆ. ಜಗಳೂರಿನ ಕಡೆ ತುಂಗಭದ್ರೆ ಹರಿಯುವುದಿಲ್ಲ. ಬರದ ತಾಲ್ಲೂಕು ಅದು. ಆದರೆ ಅಲ್ಲಿನ 57 ಕೆರೆ ತುಂಬಿಸುವ ಯೋಜನೆಯ ನೀರು ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದಲೇ ಏರಬೇಕು. ಹೊನ್ನಾಳಿಯ ಹತ್ತಿರ ಚೆಲ್ಲಿದ್ದು ಜಗಳೂರಿನ ಕೆರೆಯ ದಾರಿ ಹಿಡಿಯಬಹುದು. ಚನ್ನಗಿರಿಯಲ್ಲೂ ಇದೇ ಮಾತು. ಅಲ್ಲಿನ ಸೂಳೆಕೆರೆ ಚಿತ್ರದುರ್ಗದ ಬಾಯಾರಿಕೆ ತಣಿಸುವ ಕೆರೆ. ಅದರ ದಡದಲ್ಲಿ ಔಷಧಿ ಡ್ರಮ್ಮು ತೊಳೆದರೆ ಅದು ಚನ್ನಗಿರಿಯೊಳಗೇ ಮುಗಿಯುವ ಸಂಗತಿಯಲ್ಲ. ಇನ್ನೊಂದು ಇಕ್ಕಟ್ಟಿದೆ. ಹೊಳೆ ತುಂಬಿ ಬಂದಾಗ ಹರಿಗೋಲು ಬಿಡುವುದಿಲ್ಲ. ನೀರು ಇಳಿದಾಗ ಬಿಡುತ್ತಾರೆ. ದಾಟುವವನಿಗೆ ನಿರಾತಂಕವಾದ ಅದೇ ತಿಂಗಳುಗಳಲ್ಲಿ ಚೆಲ್ಲಿದ ವಿಷವನ್ನು ತೆಳುವಾಗಿಸಲು ಹೊಳೆಯಲ್ಲಿ ನೀರಿರುವುದಿಲ್ಲ. ಬರೀ ದೋಣಿಯ ಸುರಕ್ಷತೆ ನೋಡುವ ನಿಯಮ ಎಡವುವುದು ಇಲ್ಲೇ.

ಹೊನ್ನಾಳಿ ಸೇತುವೆಯ ಮೇಲೆ ಹೋಗುವ ಡೀಸೆಲ್ ಟ್ಯಾಂಕರಿನ ಚಾಲಕನಿಗೆ 1989ರ ಮೋಟಾರು ವಾಹನ ನಿಯಮಗಳು ತರಬೇತಿ ಕಡ್ಡಾಯ ಮಾಡಿವೆ. ಟ್ಯಾಂಕರಿನ ಮೇಲೆ ಎಚ್ಚರಿಕೆಯ ಫಲಕ, ಅವನ ಕೈಯಲ್ಲಿ ಅವಘಡವಾದರೆ ಏನು ಮಾಡಬೇಕೆಂಬ ಟ್ರೆಮ್ ಕಾರ್ಡ್ ಇರಬೇಕು. ನೀರಿನ ಮೇಲೆ ಹೋಗುವ ಅಂಬಿಗನ ಕೈಯಲ್ಲಿ ಹುಟ್ಟು ಮಾತ್ರ. ಚಿಲ್ಲರೆ ಕ್ಯಾನಿಗೆ ರಸ್ತೆಯಲ್ಲೂ ಆ ಕಾರ್ಡು ಬೇಡ ಎಂಬ ವಾದವಿದೆ, ಅದು ಸುಳ್ಳಲ್ಲ. ಆದರೆ ರಸ್ತೆಗೆ ಚೆಲ್ಲಿದ್ದರ ಮೇಲೆ ಮಣ್ಣು ಹಾಕಬಹುದು, ಹೊಳೆಗೆ ಚೆಲ್ಲಿದ್ದನ್ನು ಹಿಂಬಾಲಿಸಬೇಕಾಗುತ್ತದೆ.

ಸಂವಿಧಾನದ 11ನೇ ಅನುಸೂಚಿ ಕಡವು ಮತ್ತು ಜಲಮಾರ್ಗಗಳನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಸಾಲಿನಲ್ಲೇ ಇಟ್ಟಿದೆ. ಹಾಗಾಗಿ ದೆಹಲಿಯ ನಿಯಮಕ್ಕೆ ಕಾಯಬೇಕಿಲ್ಲ. ಲೈಫ್ ಜಾಕೆಟ್ ಹಂಚಿ ಫೋಟೊ ತೆಗೆಸಿಕೊಳ್ಳುವ ದಿನವೇ ಅಂಬಿಗನಿಗೆ ಒಂದು ಚೀಟಿಯನ್ನೂ ಕೊಡಬಹುದು: ಸಿಲಿಂಡರು, ಔಷಧಿ, ಕ್ಯಾನು ಜನರಿಲ್ಲದ ಸರದಿಯಲ್ಲಿ ಹೋಗಲಿ, ಮುಚ್ಚಳ ಬಿಗಿಯಿರಲಿ, ಬೀಡಿ ಬೇಡ, ಏನಾದರೂ ನೀರಿಗೆ ಬಿದ್ದರೆ ಕೆಳಗೆ ನೀರೆತ್ತುವ ಜಾಕ್‌ವೆಲ್ಲಿನ ಪಂಪ್ ಆಪರೇಟರಿಗೆ ಫೋನ್ ಮಾಡು. ಆ ಕೊನೆಯ ಸಾಲಿನ ಎದುರು ಒಂದು ನಂಬರು ಬರೆಯಬೇಕು, ಆ ಫೋನು ಭಾನುವಾರವೂ ಎತ್ತುವಂತಿರಬೇಕು.