ಬಿಡುವಿನ ವೇಳೆಯ ಕಥೆಗಾರರು

ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಓದಿ, ಈಗ ನಾಡಿನ ಹಲವು ಕಡೆ ನೌಕರಿ ವ್ಯವಹಾರಗಳಲ್ಲಿ ನೆಲೆಸಿರುವ ಬಂಧುಗಳಲ್ಲಿ ಕಥೆ ಬರೆಯುವವರು ಅನೇಕರಿದ್ದಾರೆ. ಸಹಕಾರಿ ಸಂಘದ ಕಾರ್ಯದರ್ಶಿಗಳು, ಕಂದಾಯ ಇಲಾಖೆಯ ನೌಕರರು, ಪ್ರಾಥಮಿಕ ಶಾಲೆಯ ಶಿಕ್ಷಕಿಯರು, ಬಸ್ಸಿನ ಕಂಡಕ್ಟರರು, ಔಷಧದ ಅಂಗಡಿಯವರು, ಇಂಥವರು ಹಗಲಿನ ದುಡಿಮೆ ತೀರಿಸಿ, ಮನೆಯವರೆಲ್ಲ ಮಲಗಿದ ಮೇಲೆ ಬರೆದ ಕಥೆಗಳು ಈ ಪತ್ರಿಕೆಗೆ ತಿಂಗಳು ತಿಂಗಳೂ ಬರುತ್ತವೆ. ಮೊದಲು ಗೆರೆ ಹಾಕಿದ ಹಾಳೆಯ ಮೇಲೆ ಬರುತ್ತಿದ್ದವು. ಈಗ ಬಹುಪಾಲು ಮೊಬೈಲಿನಲ್ಲಿಯೇ ಅಕ್ಷರ ಒತ್ತಿ ಕಳುಹಿಸಿದವು. ಅವುಗಳನ್ನು ಓದಿ ಸಂಪಾದಕರಿಗೆ ಅಭಿಪ್ರಾಯ ತಿಳಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಮೂರು ದಶಕಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವನಿಗೆ ಇದು ಹೊಸ ಕೆಲಸವೇನಲ್ಲ. ಆದರೆ ಓದುತ್ತ ಓದುತ್ತ ಮನಸ್ಸಿನಲ್ಲಿ ಕೆಲವು ವಿಚಾರಗಳು ಎದ್ದಿವೆ. ಅವು ಹೊಗಳಿಕೆಯ ಮಾತುಗಳಲ್ಲ. ಬರೆಯುವ ಬಂಧುಗಳು ಬೇಸರಿಸದೆ ಓದಬೇಕೆಂದು ವಿನಂತಿ.

‘ಹವ್ಯಾಸಿ’ ಎಂಬ ಮಾತಿನಲ್ಲಿ ತುಸು ಹಗುರವಾದ ಭಾವನೆ ಇದೆ. ಬಿಡುವಿನಲ್ಲಿ ಬರೆಯುವವನು ಅರೆಮನಸ್ಸಿನವನು, ಪೂರ್ಣ ಕಾಲ ಬರೆಯುವವನೇ ನಿಜವಾದ ಲೇಖಕ ಎಂಬ ಎಣಿಕೆ ನಮ್ಮ ಕಥೆಗಾರರಲ್ಲಿಯೇ ಬಲವಾಗಿದೆ. ಕಥೆಯೊಡನೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ನಾನು ಸಾಹಿತಿಯಲ್ಲ’ ಎಂಬ ಕ್ಷಮಾಯಾಚನೆಯಿಂದಲೇ ಮೊದಲಾಗುತ್ತವೆ. ಈ ಸಂಕೋಚಕ್ಕೆ ಕನ್ನಡದ ಚರಿತ್ರೆಯಲ್ಲಿ ಆಧಾರವಿಲ್ಲ. ಗಳಗನಾಥರು ಶಾಲೆಯ ಮಾಸ್ತರರಾಗಿದ್ದವರು. ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಸಂಕಲನವನ್ನು ಹೊರತಂದ ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಗಳು. ಅ.ನ.ಕೃಷ್ಣರಾಯರಂತೆ ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಲೇಖನಿಯನ್ನೇ ನಂಬಿ ಬಾಳಿದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಒಂದಲ್ಲ ಒಂದು ನೌಕರಿ ಹಿಡಿದು, ಅದರ ಸಂದಿಯಲ್ಲಿ ಬರೆದವರೇ. ಕನ್ನಡ ಕಥಾಸಾಹಿತ್ಯವೆಂಬುದು ಬಹುಮಟ್ಟಿಗೆ ಬಿಡುವಿನ ವೇಳೆಯ ಸಾಹಿತ್ಯ.

ಹಾಗಿದ್ದರೆ ಮಾಸ್ತಿಯವರ ಬಿಡುವಿಗೂ ನಮ್ಮ ಬಂಧುಗಳ ಬಿಡುವಿಗೂ ಇರುವ ಅಂತರವೇನು? ಪ್ರತಿಭೆಯ ಅಂತರ ಇದ್ದೇ ಇದೆ. ಅದು ನಮ್ಮ ಕೈಯಲ್ಲಿಲ್ಲದ್ದು, ಅದನ್ನು ಬಿಡೋಣ. ಕೈಯಲ್ಲಿರುವ ಅಂತರವೊಂದಿದೆ. ಮಾಸ್ತಿಯವರು ಅಧಿಕಾರದ ನಿಮಿತ್ತ ಊರೂರು ಸುತ್ತಿದರು, ಹಲವು ಬಗೆಯ ಜನರ ಮಾತು ಕೇಳಿದರು. ಅವರ ಎಷ್ಟೋ ಕಥೆಗಳಲ್ಲಿ ನಿರೂಪಕನು ಇನ್ನೊಬ್ಬರಿಂದ ಕೇಳಿದ್ದನ್ನು ನಮಗೆ ಹೇಳುತ್ತಾನೆ. ಕೇಳುವುದು ಅವರ ಉದ್ಯೋಗದ ಭಾಗವಾಗಿತ್ತು. ಅದೇ ಅವರ ಕಥನದ ಕ್ರಮವೂ ಆಯಿತು. ವೈದ್ಯರಾಗಿದ್ದ ಬೆಸಗರಹಳ್ಳಿ ರಾಮಣ್ಣನವರು ಮಂಡ್ಯ ಸೀಮೆಯ ಬಡವರನ್ನು ಅವರ ನುಡಿಯೊಡನೆಯೇ ಕಥೆಗೆ ತಂದರು. ಹಾಸನದಲ್ಲಿ ವಕೀಲರಾಗಿರುವ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಕಥೆಗಳ ಹೆಂಗಸರು ಪುಸ್ತಕ ಓದಿ ಕಲ್ಪಿಸಿಕೊಂಡ ಹೆಂಗಸರಲ್ಲ ಎಂಬುದನ್ನೂ ಅಷ್ಟೇ ಗಮನಿಸಬೇಕಾಗಿತ್ತು.

ಈ ಮಾತಿಗೆ ಅತ್ಯಂತ ಸ್ಪಷ್ಟವಾದ ನಿದರ್ಶನ ಯಶವಂತ ಚಿತ್ತಾಲರು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಇವರು ಮುಂಬಯಿಯಲ್ಲಿ ಪ್ಲಾಸ್ಟಿಕ್ ತಯಾರಿಕೆಗೆ ಸಂಬಂಧಿಸಿದ ಉದ್ಯಮದಲ್ಲಿ ದುಡಿದರು. ಪಾಲಿಮರ್ ವಿಜ್ಞಾನದಿಂದ ಸಾಹಿತ್ಯಕ್ಕೆ ಏನು ದೊರೆತೀತು ಎಂದು ಯಾರಿಗಾದರೂ ಅನಿಸಬಹುದು. 1979ರ ಅವರ ‘ಶಿಕಾರಿ’ ಕಾದಂಬರಿಯ ನಾಗಪ್ಪ ಅಂಥದೇ ಒಂದು ಕಂಪನಿಯ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ಅಮಾನತುಗೊಳಿಸಲಾಗುತ್ತದೆ. ಏಕೆಂದು ಅವನಿಗೆ ತಿಳಿಯದು. ಕಚೇರಿಯ ಕಾಗದಪತ್ರ, ಮೇಲಿನವರ ಮೌನ, ಜೊತೆಯವರ ನಗುವಿನ ಹಿಂದಿನ ಲೆಕ್ಕಾಚಾರ, ಇವುಗಳಲ್ಲಿ ಮನುಷ್ಯನು ಮನುಷ್ಯನನ್ನು ಬೇಟೆಯಾಡುವ ಪರಿ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಚಿತ್ತಾಲರು ನೌಕರಿಯನ್ನು ಹೊರಗೆ ಕಳಚಿಟ್ಟು ಬರವಣಿಗೆಯ ಮೇಜಿಗೆ ಬಂದವರಲ್ಲ. ನೌಕರಿಯೇ ಅವರಿಗೆ ಮೇಜಾಯಿತು. ಹನೇಹಳ್ಳಿಯ ಬಾಲ್ಯವೂ ಕಂಪನಿಯ ಕೋಣೆಯೂ ಅವರಲ್ಲಿ ಪರಸ್ಪರ ಮಾತನಾಡಿಕೊಂಡವು.

ನಮ್ಮ ಬಂಧುಗಳು ಮಾಡುವುದು ಇದಕ್ಕೆ ತೀರ ವಿರುದ್ಧ. ಸಂಘದ ಕಾರ್ಯದರ್ಶಿಯೊಬ್ಬರು ಸಾಲದ ವಹಿಯಲ್ಲಿ ಒಂದು ಊರಿನ ಮೂವತ್ತು ವರ್ಷಗಳ ಸುಖದುಃಖವನ್ನು ಬಲ್ಲರು. ಯಾರು ಯಾರಿಗೆ ಜಾಮೀನು ನಿಂತು ಕೆಟ್ಟರು, ಯಾವ ಅಣ್ಣತಮ್ಮಂದಿರು ಯಾವ ಸುಗ್ಗಿಯಲ್ಲಿ ಮಾತು ಬಿಟ್ಟರು ಎಂಬುದೆಲ್ಲ ಅವರಿಗೆ ಕಂಠಪಾಠ. ಅವರು ಕಳುಹಿಸಿದ ಕಥೆಯಲ್ಲಿ ಕಾಫಿ ತೋಟದ ಬಂಗಲೆ, ಪಿಯಾನೊ ನುಡಿಸುವ ನಾಯಕಿ! ಆಸ್ಪತ್ರೆಯ ದಾದಿಯೊಬ್ಬರು ಬರೆದದ್ದು ರಾಜಸ್ಥಾನದ ರಾಜಕುಮಾರಿಯ ತ್ಯಾಗದ ಕಥೆ. ತಮ್ಮ ದುಡಿಮೆ ಸಾಹಿತ್ಯಕ್ಕೆ ಯೋಗ್ಯವಲ್ಲವೆಂದು ಇವರು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದಾರೆ. ಹನ್ನೆರಡನೆಯ ಶತಮಾನದ ಶರಣರಿಗೆ ಈ ನಾಚಿಕೆ ಇರಲಿಲ್ಲವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಅಂಬಿಗರ ಚೌಡಯ್ಯನು ತನ್ನ ಕಸುಬು ಕೂಡಿದ ಹೆಸರನ್ನೇ ಅಂಕಿತವಾಗಿಸಿಕೊಂಡನು. ವಚನ ಬೇರೆ, ಕಥೆ ಬೇರೆ ನಿಜ; ಆದರೂ ಆ ವಚನಗಳನ್ನು ಬಾಯಿಪಾಠ ಮಾಡಿ ಬೆಳೆದವರು ತಮ್ಮ ಕಾಯಕವನ್ನು ಕಥೆಯಿಂದ ಹೊರಗೆ ನಿಲ್ಲಿಸುವುದು ಸೋಜಿಗ.

ಭಾಷೆಯ ವಿಷಯದಲ್ಲಿ ತಪ್ಪು ನನ್ನದೂ ಹೌದು. ಬರುವ ಕಥೆಗಳಲ್ಲಿ ಸೂರ್ಯನು ಎಂದೂ ಸುಮ್ಮನೆ ಮುಳುಗುವುದಿಲ್ಲ. ಪಶ್ಚಿಮ ದಿಗಂತದಲ್ಲಿ ಹೊನ್ನಿನ ಓಕುಳಿಯಾಡಿಯೇ ಅಸ್ತಂಗತನಾಗಬೇಕು. ಅಳುವವರ ಕಣ್ಣಿನಿಂದ ಮುತ್ತಿನ ಹನಿಗಳೇ ಉದುರಬೇಕು. ಹಳ್ಳಿಯ ಮುದುಕಿ ಮೊಮ್ಮಗನಿಗೆ ‘ವತ್ಸ, ನಿನ್ನ ಭವಿಷ್ಯವು ಉಜ್ವಲವಾಗಲಿ’ ಎಂದು ಹರಸುತ್ತಾಳೆ. ಇದನ್ನು ಕಲಿಸಿದವರು ಯಾರು? ನಾವೇ, ಕನ್ನಡ ಮಾಸ್ತರರು. ಹುಡುಗನು ಪ್ರಬಂಧದಲ್ಲಿ ಮನೆಯ ಮಾತು ಬರೆದರೆ ಕೆಂಪು ಶಾಯಿಯಿಂದ ಹೊಡೆದು, ಅದರ ಮೇಲೆ ಗ್ರಂಥದ ಮಾತನ್ನು ಬರೆದುಕೊಟ್ಟವನು ನಾನು. ಅಂಕ ಗಳಿಸಲು ಅದು ಬೇಕಾಗಿತ್ತು. ಕಥೆಗೆ ಅದು ಉರುಲಾಗುತ್ತದೆಂದು ನನಗೆ ಹೊಳೆದದ್ದು ನಿವೃತ್ತಿಯ ನಂತರ.

ವೇಳೆ ಸಾಲದು ಎಂಬ ಗೋಳು ಎಲ್ಲರದೂ. ಅದು ಸುಳ್ಳಲ್ಲ, ಅದರಲ್ಲಿಯೂ ಹೆಣ್ಣುಮಕ್ಕಳ ವಿಷಯದಲ್ಲಿ. ಗಂಡಸು ‘ಬರೆಯುತ್ತಿದ್ದೇನೆ’ ಎಂದರೆ ಮನೆ ದನಿ ತಗ್ಗಿಸುತ್ತದೆ. ಹೆಂಗಸು ಹಾಗೆಂದರೆ ಒಲೆಯ ಮೇಲಿನ ಹಾಲಿನ ಗತಿಯೇನೆಂದು ಕೇಳುತ್ತದೆ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂದದ್ದು 1963ರಲ್ಲಿ. ಆಗ ಅವರಿಗೆ ನಲವತ್ತೈದು ದಾಟಿತ್ತು. ಶಾಲೆಯ ಓದು ಅಲ್ಪ. ಮುಂದೆ 1976ರಲ್ಲಿ ಬಂದ ‘ಫಣಿಯಮ್ಮ’ನಿಗೆ ಆಧಾರ ತಮ್ಮ ಬಾಲ್ಯದಲ್ಲಿ ಕಂಡ ಬಾಲವಿಧವೆಯೊಬ್ಬರ ಬದುಕು. ಅಷ್ಟು ವರ್ಷ ಬರೆಯಲಾಗದಿದ್ದುದು ನಷ್ಟವೇ. ಆದರೆ ನೆನಪು ಆ ವರ್ಷಗಳಲ್ಲಿ ಸುಮ್ಮನೆ ಕುಳಿತಿರಲಿಲ್ಲ.

ನನಗೆ ಕಂಡ ಮಟ್ಟಿಗೆ ನಮ್ಮ ಬಂಧುಗಳಿಗೆ ಕೊರತೆಯಾಗಿರುವುದು ಬರೆಯುವ ವೇಳೆಗಿಂತ ತಿದ್ದುವ ವೇಳೆ. ಒಂದೇ ರಾತ್ರಿಯಲ್ಲಿ ಬರೆದು ಬೆಳಗಾಗುವುದರೊಳಗೆ ಕಳುಹಿಸುತ್ತಾರೆ. ಮೊಬೈಲು ಬಂದ ಮೇಲೆ ಅಂಚೆಪೆಟ್ಟಿಗೆಯವರೆಗೆ ನಡೆಯುವಷ್ಟು ವಿಳಂಬವೂ ಉಳಿದಿಲ್ಲ. ಗ್ರಂಥಪಾಲರಾಗಿದ್ದ ರಾಘವೇಂದ್ರ ಖಾಸನೀಸರು ಜೀವಮಾನದಲ್ಲಿ ಬರೆದ ಕಥೆಗಳು ಕೆಲವೇ. ಅವರನ್ನು ಓದಿದವರು ಯಾರೂ ಆ ಸಂಖ್ಯೆಯ ಬಗ್ಗೆ ದೂರಿದ್ದನ್ನು ನಾನು ಕೇಳಿಲ್ಲ.

ಇನ್ನು ಗುರಿಯ ಮಾತು. ಹೆಚ್ಚಿನವರ ಗುರಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ. ಬಳಿಕ ಒಂದು ಪುಸ್ತಕ. ಸ್ಪರ್ಧೆಗಳನ್ನು ನಾನು ಹಳಿಯಲಾರೆ. ‘ಪ್ರಜಾವಾಣಿ’ಯ ದೀಪಾವಳಿ ಸ್ಪರ್ಧೆ ಎಷ್ಟೋ ಹೊಸ ಕಥೆಗಾರರನ್ನು ನಾಡಿಗೆ ಪರಿಚಯಿಸಿದೆ. ತೊಡಕು ಬರುವುದು ಕಳೆದ ವರ್ಷ ಬಹುಮಾನ ಪಡೆದ ಕಥೆಯನ್ನು ಮುಂದಿಟ್ಟುಕೊಂಡು ಈ ವರ್ಷದ ಕಥೆ ಬರೆಯುವಾಗ. ಆಗ ಬರೆಯುವವನ ಕಣ್ಣು ಬದುಕಿನ ಮೇಲಿಲ್ಲ, ತೀರ್ಪುಗಾರನ ಮುಖದ ಮೇಲಿದೆ. ಪುಸ್ತಕದ ಸಂಗತಿಯೂ ಹೀಗೆಯೇ. ಭವಿಷ್ಯನಿಧಿಯ ಹಣ ತೆಗೆದು ಅಚ್ಚು ಹಾಕಿಸಿ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಕುಳಿತು, ಕಟ್ಟುಗಳು ಅಟ್ಟದ ಮೇಲೆ ಧೂಳು ತಿನ್ನುವುದನ್ನು ಕಂಡವರು ನಮ್ಮಲ್ಲಿದ್ದಾರೆ. ತರುಣರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ನೆರವಿನ ಯೋಜನೆ ಇರುವುದನ್ನು ಎಷ್ಟೋ ಜನ ಅರಿಯರು, ಅರಿತವರೂ ಕಾಯಲಾರರು.

ಇಷ್ಟೆಲ್ಲ ಹೇಳಲು ನನ್ನನ್ನು ಪ್ರೇರಿಸಿದ್ದು ಒಂದು ಪತ್ರ. ಎರಡು ವರ್ಷಗಳ ಹಿಂದೆ ಉತ್ತರದ ಒಂದು ತಾಲ್ಲೂಕಿನಿಂದ ಕಥೆಯೊಂದು ಬಂದಿತು. ಬರೆದವರು ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್. ಕಥೆ ಬೆಂಗಳೂರಿನ ಶ್ರೀಮಂತ ಯುವತಿಯೊಬ್ಬಳದು. ಮದುವೆಯ ಹಿಂದಿನ ದಿನ ಆಕೆಗೆ ಮಾರಕ ರೋಗವೆಂದು ತಿಳಿದು, ಸಮುದ್ರದ ದಂಡೆಯಲ್ಲಿ ಪ್ರಿಯಕರನ ತೋಳಿನಲ್ಲಿ ಪ್ರಾಣ ಬಿಡುತ್ತಾಳೆ. ಬೆಂಗಳೂರಿಗೆ ಸಮುದ್ರ ಎಲ್ಲಿಂದ ಬಂದಿತೆಂದು ಕೇಳಲು ಹೋಗಲಿಲ್ಲ. ತಿರಸ್ಕರಿಸಬೇಕೆಂದು ಬದಿಗಿಟ್ಟೆ.

ಜೊತೆಗಿದ್ದ ಪತ್ರವನ್ನು ಆಮೇಲೆ ಓದಿದೆ. ಕಥೆ ಕಳುಹಿಸುವುದು ತಡವಾದುದಕ್ಕೆ ಕಾರಣ ಹೇಳಿಕೊಂಡಿದ್ದರು. ಒಂದು ಹಳ್ಳಿಯಲ್ಲಿ ಟಿ.ಸಿ. ಸುಟ್ಟಿತ್ತು. ಗೋವಿನಜೋಳ ಒಣಗುತ್ತಿತ್ತು. ರೈತರೇ ಟ್ರ್ಯಾಕ್ಟರ್ ತಂದು ಸುಟ್ಟದ್ದನ್ನು ಸಾಗಿಸಿ, ಬೇರೊಂದನ್ನು ಹೇರಿಕೊಂಡು ಬರುವಷ್ಟರಲ್ಲಿ ನಡುರಾತ್ರಿ. ಕಂಬ ಏರುವ ಮೊದಲು ಸ್ಟೇಶನ್ನಿಗೆ ಫೋನು ಮಾಡಿ ಲೈನು ಬಂದ್ ಮಾಡಿಸಿಕೊಳ್ಳಬೇಕು; ಅದಕ್ಕೆ ‘ಎಲ್.ಸಿ. ತಗೊಳ್ಳೋದು’ ಎನ್ನುತ್ತಾರಂತೆ. ಹತ್ತು ವರ್ಷಗಳಿಂದ ಆ ಕಡೆಯಿಂದ ‘ಕೊಟ್ಟೀನಿ, ಏರು’ ಎನ್ನುತ್ತಿದ್ದ ದನಿ ಅವರಿಗೆ ಗೊತ್ತು. ಆ ಮನುಷ್ಯನ ಮುಖವನ್ನು ಅವರು ನೋಡಿದ್ದು ಎರಡೇ ಸಲ. ಆ ರಾತ್ರಿ ಬಂದದ್ದು ಹೊಸ ದನಿ. ಸುತ್ತ ನಿಂತ ರೈತರು ಅವಸರಿಸುತ್ತಿದ್ದಾರೆ. ಇವರಿಗೆ ಕಾಲು ಮೇಲೇಳದು. ‘ಟಾರ್ಚಿನಾಗ ಸೆಲ್ ಹಾಕ್ಕೊಂಡು ಬರ್ತೀನಿ’ ಎಂದು ನೆವ ಹೇಳಿ ಕತ್ತಲೆಗೆ ಸರಿದು, ರಜೆಯಲ್ಲಿದ್ದ ಹಳೆಯ ಆಪರೇಟರನನ್ನು ನಿದ್ದೆಯಿಂದ ಎಬ್ಬಿಸಿ, ಅವನು ಸ್ಟೇಶನ್ನಿಗೆ ಮಾತನಾಡಿ ತಿರುಗಿ ಫೋನು ಮಾಡಿ ‘ಏರು’ ಎಂದ ಮೇಲೆ ಏರಿದರು. ಬೆಳಗಿನ ಜಾವ ಮೋಟಾರುಗಳು ನೀರೆತ್ತಿದವು. ಮುದುಕಿಯೊಬ್ಬಳು ರೊಟ್ಟಿ, ಕೆಂಪು ಖಾರ ಕೊಟ್ಟಳು. ಇದರಿಂದಾಗಿ ಕಥೆ ಅಂಚೆಗೆ ಹಾಕುವುದು ನಾಲ್ಕು ದಿನ ತಡವಾಯಿತು, ಮನ್ನಿಸಬೇಕು ಎಂದು ಪತ್ರ ಮುಗಿದಿತ್ತು.

ಒಂದೂವರೆ ಪುಟ. ಒಂದು ವಿಶೇಷಣವೂ ಹೆಚ್ಚಿಗೆ ಇರಲಿಲ್ಲ. ನಾನು ಕೂಡಲೇ ಬರೆದೆ: ನಿಮ್ಮ ಕಥೆಯನ್ನು ಹಿಂದಿರುಗಿಸುತ್ತಿದ್ದೇನೆ, ನಿಮ್ಮ ಪತ್ರವೇ ಕಥೆ, ಅದನ್ನು ಬರೆಯಿರಿ. ಉತ್ತರ ಬರಲಿಲ್ಲ. ತಿಂಗಳುಗಳು ಕಳೆದವು. ತಿರಸ್ಕಾರವನ್ನು ನಯವಾಗಿ ಹೇಳಿದೆನೆಂದು ತಿಳಿದುಕೊಂಡರೋ, ಬರೆಯುವುದನ್ನೇ ಬಿಟ್ಟರೋ ಎಂದು ಕಳವಳವಾಯಿತು. ಪ್ರೋತ್ಸಾಹಿಸುವವನ ಮಾತು ಎಲ್ಲಿ ಚುಚ್ಚುತ್ತದೆಂದು ಅವನಿಗೇ ತಿಳಿಯುವುದಿಲ್ಲ.

ಕಳೆದ ಶಿವರಾತ್ರಿಯ ಸುಮಾರಿಗೆ ಹೊಸ ಕಥೆ ಬಂದಿತು. ಅದೇ ರಾತ್ರಿ, ಅದೇ ಕಂಬ, ಅದೇ ಅಪರಿಚಿತ ದನಿ. ಮೊದಲ ಮೂರು ಪುಟಗಳನ್ನು ಓದುವಾಗ ನಾನು ಕನ್ನಡಕ ತೆಗೆಯಲಿಲ್ಲ. ನಾಲ್ಕನೆಯ ಪುಟದಲ್ಲಿ ಲೈನ್‌ಮನ್ ಹೊಸ ದನಿಯನ್ನು ನಂಬಿ ಕಂಬ ಏರಿ, ಶಾಕ್ ಹೊಡೆದು ಸಾಯುತ್ತಾನೆ. ಪಶ್ಚಿಮ ದಿಗಂತ ಇಲ್ಲದಿದ್ದರೂ ಪೂರ್ವ ದಿಗಂತವು ರಕ್ತದೋಕುಳಿಯಲ್ಲಿ ಮಿಂದಿತ್ತು.

ಫೋನು ಮಾಡಿ, ‘ಆ ರಾತ್ರಿ ಯಾರೂ ಸತ್ತಿರಲಿಲ್ಲವಲ್ಲ?’ ಎಂದು ಕೇಳಿದೆ.

‘ಇಲ್ರಿ ಸರ. ಆದರ ಯಾರೂ ಸಾಯದಿದ್ದರ ಅದನ್ನ ಕತಿ ಅಂತ ಯಾರ ಓದತಾರ್ರಿ?’

ಪ್ರಶ್ನೆ ನ್ಯಾಯವಾದುದು. ಅಷ್ಟು ವರ್ಷ ಪಾಠ ಹೇಳಿದವನಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ‘ಮುದುಕಿ ಕೊಟ್ಟ ರೊಟ್ಟಿ ಎಲ್ಲಿ ಹೋಯ್ತು, ತಮ್ಮಾ?’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಮಳೆಗಾಲದಲ್ಲಿ ಕೆಲಸ ಹೆಚ್ಚು, ಶ್ರಾವಣ ಮುಗಿದ ಮೇಲೆ ಮತ್ತೊಮ್ಮೆ ಕೂತು ಬರೆದು ಕಳುಹಿಸುತ್ತೇನೆ ಎಂದರು. ಮೊದಲ ಮೂರು ಪುಟಗಳನ್ನು ಮುಟ್ಟಬೇಡಿರೆಂದು ಹೇಳಿದ್ದೇನೆ.